ಬಂದ ಕಾರಣ

ಕುಶಾಲನಗರದಲ್ಲಿ ಬಸ್ಸಿಳಿದಾಗ ಮಧ್ಯಾಹ್ನ ಎರಡೂವರೆ.
ಬ್ಯಾಗಿನಲ್ಲಿ ಒಂದು ಸೀರೆ, ಬಿಪಿ ಮಾತ್ರೆ,
ರಸೀದಿ ಹಾಳೆಯಲ್ಲಿ ಮಡಚಿಟ್ಟ ಇನ್ನೂರು ರೂಪಾಯಿ.
ಆ ದುಡ್ಡು ನನ್ನದಲ್ಲ.

ತಿಪಟೂರಿನ ಬಸ್‌ಸ್ಟ್ಯಾಂಡ್ ಎದುರು, ಕಾಂಪೌಂಡಿಗೆ ಹಗ್ಗ ಬಿಗಿದು
ಪ್ರತಿ ಕಾರ್ತಿಕಕ್ಕೆ ಸ್ವೆಟರು ನೇತುಹಾಕುತ್ತಿದ್ದಳು ಯಾಂಗ್ಚೆನ್.
ಹೋದ ಸಲ ಬೂದುಬಣ್ಣದ್ದೊಂದು ತಾನೇ ತೊಡಿಸಿ,
ಗುಂಡಿ ಹಾಕಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ,
"ಇದೇ ಇಟ್ಕೋ. ಉಳಿದಿದ್ದು ಬರೋ ವರ್ಷ" ಅಂದಳು.
ಬರೋ ವರ್ಷ ಬಂತು.
ಕಾಂಪೌಂಡಿನ ಮೇಲೆ ಹಗ್ಗ ಉಜ್ಜಿದ ಗೆರೆ ಮಾತ್ರ.

ನಾನು ಕೊಬ್ಬರಿ ಮಂಡಿಯಲ್ಲಿ ಲೆಕ್ಕ ಬರೆಯುವವಳು.
ಬಾಕಿ ಅನ್ನುವುದು ಹಲ್ಲಿನ ಸಂದಿಯ ನಾರು.

ಆಟೋ ಹೊಳೆ ದಾಟಿತು. ಮೊಳಕಾಲುದ್ದ ಕಾವೇರಿ,
ಬಂಡೆಯ ಮೇಲೆ ಯಾರದೋ ಒಗೆದ ಕಂಬಳಿ.
"ಸೇತುವೆಯಾಚೆ ಬೇರೆ ಜಿಲ್ಲೆ" ಅಂದ ಡ್ರೈವರು,
ಬಾಡಿಗೆಗೆ ಪೀಠಿಕೆ ಹಾಕುವವನಂತೆ.

ಗುಡಿಯೊಳಗೆ ಮೂವರು. ಚಿನ್ನದವರು.
ಕತ್ತು ನೋಯುವಷ್ಟು ಎತ್ತರ.
ಸಾಲಾಗಿ ಕೂತು ಓದುವ ಮಕ್ಕಳಲ್ಲಿ ಒಬ್ಬ
ಪುಟದ ಹಿಂದೆ ಆಕಳಿಸಿದ, ನನ್ನನ್ನು ನೋಡಿ ಬಾಯಿ ಮುಚ್ಚಿದ.
ಆಮೇಲೆ ಉದ್ದನೆಯ ಕಹಳೆ,
ಮಂಡಿಯ ಹಳೇ ಲಾರಿ ಮುಂಜಾನೆ ಕೆಮ್ಮಿದ ಹಾಗೆ.
ನನಗೆ ನಗು ಬಂತು, ಎದೆ ಅದುರಿತು, ಎರಡೂ ಒಟ್ಟಿಗೆ.

ಹುಂಡಿಯವರೆಗೆ ಹೋದ ಕೈ ವಾಪಸು ಬಂತು.
ಇವರಿಗೆ ನಾನೇನೂ ಕೊಡಬೇಕಿಲ್ಲ.

ದೀಪ ಮಾರುವವನನ್ನು ಕೇಳಿದೆ.
"ಯಾಂಗ್ಚೆನ್? ಯಾವ ಕ್ಯಾಂಪು?"
ಗೊತ್ತಿಲ್ಲ.
"ಗಂಡನ ಹೆಸರು?"
ಗೊತ್ತಿಲ್ಲ. ಸ್ವೆಟರು ಮಾರುತ್ತಾರೆ.
"ಎಲ್ಲರೂ ಮಾರ್ತಾರಲ್ಲ, ಅಮ್ಮ."
ಹನ್ನೊಂದು ಚಳಿಗಾಲ. ಐವತ್ತು ಬಿಡು, ಮೂವತ್ತು ಬಿಡು ಅಂದಿದ್ದೇನೆ,
ಮನೆ ಎಲ್ಲಿ ಅಂತ ಒಂದು ಸಲ ಕೇಳಿಲ್ಲ.

ಅವರ ಹೊಸವರ್ಷದ ವಾರ. ಗುಡಿಯ ಅತಿಥಿಗೃಹದಲ್ಲಿ
ವರಾಂಡದಲ್ಲೂ ಹಾಸಿಗೆ. ಮತ್ತೆ ಸೇತುವೆ, ಮತ್ತೆ ಕೊಡಗು.

ಮೊದಲ ಲಾಡ್ಜಿನವನು "ಒಬ್ರೇನಾ?" ಅಂದು
ನನ್ನ ಬೆನ್ನ ಹಿಂದೆ ಇಣುಕಿದ,
ಯಾರೋ ಕಾರು ನಿಲ್ಲಿಸಿ ಬರುತ್ತಿದ್ದಾರೇನೋ ಅಂತ.
ಎರಡನೆಯದು ಫ್ಯಾಮಿಲಿಗೆ ಮಾತ್ರ.
ಐವತ್ತಾರು ವರ್ಷಕ್ಕೆ ನಾನೊಬ್ಬಳೇ ನನ್ನ ಫ್ಯಾಮಿಲಿ,
ಅದಕ್ಕೆ ಆಧಾರ್ ಕಾರ್ಡಿನಲ್ಲಿ ಜಾಗವಿಲ್ಲ.
ಹೋಂಸ್ಟೇಯವರು ನಾಲ್ಕು ಸಾವಿರ ಅಂದರು,
ಅಂಗಳದಲ್ಲಿ ಬೆಂಕಿ ಹಾಕಿ ಹಾಡೂ ಹಾಕುತ್ತಾರಂತೆ.
ಬೆಂಕಿ ಬೇಡ, ಚಾಪೆ ಸಾಕು ಅಂದೆ.
ಫೋನಿಟ್ಟರು.

ಮೆಡಿಕಲ್ ಶಾಪಿನ ಹುಡುಗ ಹೇಳಿದ:
"ದೇಚಮ್ಮಜ್ಜಿ ಒಂದು ರೂಮು ಕೊಡ್ತಾರೆ. ಕಿವಿ ಮಂದ, ಬಾಗಿಲು ಜೋರಾಗಿ ತಟ್ಟಿ."

ಅವರು ನನ್ನ ಹಿಂದೆ ನೋಡಲಿಲ್ಲ, ಕಾಲು ನೋಡಿದರು.
"ಚಪ್ಪಲಿ ಒಳಗಿಡಿ. ನಾಯಿ ಒಂದೇ ಕಾಲಿಂದು ಕದಿಯುತ್ತೆ."
ಬೆಲ್ಲದ ಕಾಫಿ. ಗೋಡೆಯಲ್ಲಿ ನಿಂತ ಗಡಿಯಾರ.
ಎಣ್ಣೆ ಕಲೆಯ ಉದ್ದನೆ ಪುಸ್ತಕ, ಸ್ಕೇಲಿಟ್ಟು ಎಳೆದ ಗೆರೆಗಳು:
ಹೆಸರು. ಎಲ್ಲಿಂದ. ಎಲ್ಲಿಗೆ. ಬಂದ ಕಾರಣ. ಹೊರಡುವ ದಿನ.

ಮೇಲಿನ ಸಾಲುಗಳನ್ನು ಓದಿದೆ, ಲೆಕ್ಕದವರ ಚಾಳಿ.
ಮದುವೆ. ಜಮೀನು ಸರ್ವೆ. ಹಲ್ಲು ಕೀಳಿಸಲು.
ಒಬ್ಬರು ದುಂಡಗೆ ಬರೆದಿದ್ದರು: ಸುಮ್ಮನೆ.
ನಾನು ಬರೆದೆ: ಸಾಲ.

ಕನ್ನಡಕ ಏರಿಸಿ ಅಜ್ಜಿ ಕೇಳಿದರು, "ತೀರಿತಾ?"
ಇಲ್ಲ ಅಂದೆ. ಕೇಳಿಸಲಿಲ್ಲ. ತಲೆ ಅಲ್ಲಾಡಿಸಿದೆ.
"ಎಷ್ಟು?"
ಬೆರಳಲ್ಲಿ ತೋರಿಸಿದೆ. ಎರಡು ಲಕ್ಷ ಅಂದುಕೊಂಡರೋ ಏನೋ,
ಇನ್ನೊಂದು ಕಂಬಳಿ ತಂದು ಕೊಟ್ಟರು.

ಹೊಳೆಯಾಚೆಯಿಂದ ಲಾರಿ ಮತ್ತೆ ಕೆಮ್ಮಿತು.
ಅವರಿಗೆ ಕೇಳಿಸುವುದಿಲ್ಲ, ಆದರೂ ಕಿಟಕಿಯ ಕಡೆ ತಿರುಗಿ,
ಗಾಜಿನ ಮೇಲೆ ಅಂಗೈ ಇಟ್ಟು, "ಏಳು ಗಂಟೆ" ಅಂದರು.

"ಬೆಳಿಗ್ಗೆ ಒಂದನೇ ಕ್ಯಾಂಪಿಂದ ಹಿಡೀರಿ" ಅಂದು
ಹೊರಡುವ ದಿನದ ಮನೆ ಖಾಲಿ ಬಿಟ್ಟು
ಪುಸ್ತಕ ಮುಚ್ಚಿದರು.